ಗಂಜಿ ಗಟ್ಟಿಯಾಗಬೇಕು: ಡಮ್ ಡಮ್‌ನ ಬಡ ಕೂಸುಗಳ ಪೋಷಣೆಯ ಪ್ರಶ್ನೆ



ಡಮ್ ಡಮ್ ಎಂದೊಡನೆ ನಮ್ಮಲ್ಲಿ ಬಹಳಷ್ಟು ಮಂದಿಗೆ ನೆನಪಾಗುವುದು ವಿಮಾನ ನಿಲ್ದಾಣ. ಊರಿನಿಂದ ಹಿಂದಿರುಗುವಾಗ ಪೆಟ್ಟಿಗೆಯ ತುಂಬ ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿಗಳನ್ನು ಹೊತ್ತು ನಾವು ಇಳಿಯುವ ಸ್ಥಳವದು. ಇತಿಹಾಸ ಬಲ್ಲವರಿಗೆ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹುಟ್ಟಿ ಜಗತ್ತಿನಾದ್ಯಂತ ಕುಖ್ಯಾತವಾದ 'ಡಮ್ ಡಮ್' ಗುಂಡು ನೆನಪಾಗಬಹುದು; ಸಂಗೀತಪ್ರಿಯರಿಗೆ ಗ್ರಾಮಫೋನ್ ಕಂಪನಿಯ ಕಾರ್ಖಾನೆ. ಇವುಗಳ ನಡುವೆ, ರೈಲು ಹಳಿಗಳ ಅಂಚಿನಲ್ಲಿಯೂ ಬಾಗ್‌ಜೋಲಾ ಕಾಲುವೆಯ ದಂಡೆಯಲ್ಲಿಯೂ ಹರಡಿಕೊಂಡಿರುವ ಮತ್ತೊಂದು ಡಮ್ ಡಮ್ ಇದೆ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕಾಲೊನಿಗಳು ಈ ಪ್ರದೇಶವನ್ನು ತುಂಬಿದವು. ಕಾಲಕ್ರಮದಲ್ಲಿ ಜೆಸ್ಸಪ್‌ನಂತಹ ದೊಡ್ಡ ಕಾರ್ಖಾನೆಗಳು ಸೊರಗಿದವು. ಇಂದು ಇಲ್ಲಿನ ಬಸ್ತಿಗಳ ಎಷ್ಟೋ ಮನೆಗಳಲ್ಲಿ ನಿಶ್ಚಿತ ಸಂಬಳ ತರುವವಳು ಹೆಂಗಸು, ಮತ್ತು ಆ ಸಂಬಳ ಬರುವುದು ನಮ್ಮಂಥವರ ಅಡುಗೆಮನೆಗಳಿಂದ.

ಕಳೆದ ಯುಗಾದಿಯ ಮರುದಿನ ನಾಗೇರ್‌ಬಜಾರಿನ ಸಮೀಪದ ನಮ್ಮ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಪಾತ್ರೆ ತೊಳೆಯಲು ಬರುವ ಹೆಂಗಸು ಅಂದು ತನ್ನ ಮಗುವನ್ನೂ ಎತ್ತಿಕೊಂಡು ಬಂದಿದ್ದಳು. ಎಂಟು ತಿಂಗಳಿರಬಹುದೆಂದು ನಾವೆಲ್ಲ ಅಂದಾಜು ಮಾಡಿದೆವು. ಹದಿನಾಲ್ಕು ತಿಂಗಳು ಎಂದಳು. ಮಗು ಅಳುತ್ತಿರಲಿಲ್ಲ. ಕೊಟ್ಟ ಹೋಳಿಗೆಯ ಚೂರಿನ ಕಡೆ ಕೈ ಚಾಚುವ ಉತ್ಸಾಹವನ್ನೂ ತೋರಲಿಲ್ಲ. ಮನೆಯೊಡತಿ ವಿಚಾರಿಸಿದಾಗ ದಿನಚರಿ ತಿಳಿಯಿತು. ತಾಯಿ ಬೆಳಿಗ್ಗೆ ಆರಕ್ಕೆ ಹೊರಟು ಐದು ಮನೆಗಳ ಕೆಲಸ ಮುಗಿಸಿ ಮರಳುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳುವವಳು ಒಂಬತ್ತು ವರ್ಷದ ಅಕ್ಕ. ಆಕೆ ಬೆಳಿಗ್ಗೆ ಅನ್ನ ಬಸಿದ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಾಳೆ, ನಡುವೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಾಳೆ. ರಾತ್ರಿ ದೊಡ್ಡವರ ತಟ್ಟೆಯಿಂದ ಒಂದಿಷ್ಟು ಅನ್ನ. "ಮನೆಯಲ್ಲಿ ಅಕ್ಕಿ ಇದೆ ಬೌದಿ, ಪಡಿತರ ಬರುತ್ತದೆ. ಇವನೇ ತಿನ್ನುವುದಿಲ್ಲ," ಎಂದಳು ತಾಯಿ.

ಆಕೆ ಸುಳ್ಳು ಹೇಳಲಿಲ್ಲ. ಮನೆಯಲ್ಲಿ ಅಕ್ಕಿ ಇದ್ದೂ ಮಗು ಒಣಗುವುದು ಹೇಗೆ? ನಗರದ ಬಡ ಮಕ್ಕಳ ಅಪೌಷ್ಟಿಕತೆಯನ್ನು ಅರಿಯಲು ಈ ಪ್ರಶ್ನೆಯಿಂದಲೇ ಆರಂಭಿಸಬೇಕು.

ಮೊದಲು ಒಂದಿಷ್ಟು ಅಂಕಿಸಂಖ್ಯೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.5ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.3ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ನಗರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಎತ್ತರ ಕುಂಠಿತವಾದವರು ಶೇ. 30ರಷ್ಟಿದ್ದಾರೆ, ನಗರದ ಈ ಸರಾಸರಿಯಲ್ಲಿ ನಮ್ಮ ಮಕ್ಕಳೂ ಬಸ್ತಿಯ ಮಕ್ಕಳೂ ಒಟ್ಟಿಗೆ ಸೇರಿಹೋಗಿರುವುದನ್ನು ಮರೆಯಬಾರದು. ಬಂಗಾಳದವರ ಬಗ್ಗೆ ಮಾತನಾಡುವ ಮೊದಲು ನಮ್ಮ ನಾಡನ್ನೂ ನೋಡಿಕೊಳ್ಳೋಣ. ಅದೇ ಸಮೀಕ್ಷೆಯಲ್ಲಿ ಎತ್ತರ ಕುಂಠಿತವಾದ ಮಕ್ಕಳ ಪ್ರಮಾಣ ಪಶ್ಚಿಮ ಬಂಗಾಳದಲ್ಲಿ ಶೇ. 33.8, ಕರ್ನಾಟಕದಲ್ಲಿ ಶೇ. 35.4. ಹೆಮ್ಮೆ ಪಡಲು ನಮಗೇನೂ ಉಳಿದಿಲ್ಲ. ಎಲ್ಲಕ್ಕಿಂತ ಕಳವಳ ಹುಟ್ಟಿಸುವ ಅಂಕಿ ಬೇರೆಯೇ ಇದೆ: ಆರರಿಂದ ಇಪ್ಪತ್ಮೂರು ತಿಂಗಳ ವಯಸ್ಸಿನ ಭಾರತೀಯ ಮಕ್ಕಳಲ್ಲಿ ಸಾಕಷ್ಟು ಬಾರಿ ಮತ್ತು ಸಾಕಷ್ಟು ವೈವಿಧ್ಯದ ಆಹಾರ ಪಡೆಯುವವರು ನೂರಕ್ಕೆ 11 ಮಾತ್ರ. ಬಡವರ ಮಕ್ಕಳಷ್ಟೇ ಅಲ್ಲ, ಎಲ್ಲರ ಮಕ್ಕಳೂ ಸೇರಿ.

ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಆರು ತಿಂಗಳಾದೊಡನೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಎದೆಹಾಲು ಕುಡಿಯುವ ಮಗುವಿಗೆ ಈ ಪೂರಕ ಆಹಾರದಿಂದ ದಿನಕ್ಕೆ 6ರಿಂದ 8 ತಿಂಗಳವರೆಗೆ ಸುಮಾರು 200 ಕ್ಯಾಲೊರಿ, 9ರಿಂದ 11 ತಿಂಗಳವರೆಗೆ 300, ಒಂದು ವರ್ಷ ದಾಟಿದ ಮೇಲೆ 550 ಕ್ಯಾಲೊರಿ ದೊರೆಯಬೇಕು. ಎರಡು ವರ್ಷ ತುಂಬುವವರೆಗಿನ ಈ ಅವಧಿಯಲ್ಲಿ ಎತ್ತರ ಕುಂಠಿತವಾದರೆ ಮುಂದೆ ಎಷ್ಟೇ ಉಣಿಸಿದರೂ ಅದನ್ನು ಪೂರ್ತಿ ಸರಿಪಡಿಸುವುದು ಬಹಳ ಕಷ್ಟ.

ಇನ್ನು ಮಗುವಿನ ಹೊಟ್ಟೆಯ ಅಳತೆ. ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಎಂಬುದು ತಜ್ಞರು ಬಳಸುವ ಅಂದಾಜು. ಅಂದರೆ ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆಗೆ ಒಂದು ಹೊತ್ತಿಗೆ ಹಿಡಿಯುವುದು ಒಂದು ದೊಡ್ಡ ಲೋಟದಷ್ಟು. 100 ಮಿಲಿಲೀಟರ್ ತೆಳು ಗಂಜಿಯಲ್ಲಿ ಐದು ಗ್ರಾಂ ಅಕ್ಕಿ ಇದೆಯೆಂದುಕೊಂಡರೆ ಅದರಿಂದ ಸಿಗುವುದು 18 ಕ್ಯಾಲೊರಿಯೂ ಇಲ್ಲ. 550 ಕ್ಯಾಲೊರಿ ತಲುಪಲು ಮಗು ಮೂರು ಲೀಟರ್ ಗಂಜಿ ಕುಡಿಯಬೇಕು! ಹೊಟ್ಟೆ ತುಂಬುತ್ತದೆ, ಮಗು ಸುಮ್ಮನಾಗುತ್ತದೆ, "ಇವನೇ ತಿನ್ನುವುದಿಲ್ಲ" ಎಂದು ತಾಯಿ ನಂಬುತ್ತಾಳೆ. ಅದೇ ಬಟ್ಟಲಿನಲ್ಲಿ 20 ಗ್ರಾಂ ಅಕ್ಕಿ-ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಒಂದು ಚಮಚ ಎಣ್ಣೆ ಬೆರೆಸಿದರೆ ಸುಮಾರು 115 ಕ್ಯಾಲೊರಿ. ಬಟ್ಟಲು ಅದೇ, ಒಲೆ ಅದೇ, ಖರ್ಚಿನಲ್ಲಿ ಹೆಚ್ಚಿನ ಅಂತರವಿಲ್ಲ.

ಅನ್ನ ಬಸಿದ ತಿಳಿಗೆ ಬಂಗಾಳಿಗಳು 'ಫ್ಯಾನ್' ಎನ್ನುತ್ತಾರೆ. ಈ ಶಬ್ದಕ್ಕೆ ಇಲ್ಲಿ ಒಂದು ಭಾರವಿದೆ. 1943ರ ಮಹಾಕ್ಷಾಮದಲ್ಲಿ ಹಳ್ಳಿಗಳಿಂದ ಕಲ್ಕತ್ತೆಯ ಬೀದಿಗಳಿಗೆ ಬಂದ ಹಸಿದ ಜನ ಮನೆಗಳ ಮುಂದೆ ನಿಂತು ಅನ್ನ ಬೇಡಲಿಲ್ಲ. ಫ್ಯಾನ್ ಕೊಡಿ ಎಂದು ಬೇಡಿದರು. ಅನ್ನ ಕೇಳಿದರೆ ಸಿಗದೆಂದು ಅವರಿಗೆ ಗೊತ್ತಿತ್ತು. ಆ ಕ್ಷಾಮವನ್ನು ಕಂಡ ಅಜ್ಜಿಯರು ಇಂದಿಗೂ ಕೆಲವರಾದರೂ ಇದ್ದಾರೆ. ಎಳೆಯ ಮಗುವಿಗೆ ಫ್ಯಾನ್, ಸಾಬೂದಾನೆ, ಬಾರ್ಲಿ ನೀರು 'ಹಗುರ', ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ಬಸ್ತಿಯಲ್ಲಿ ಮಾತ್ರವಲ್ಲ, ಭದ್ರಲೋಕದ ಮನೆಗಳಲ್ಲಿಯೂ ಉಂಟು. ನಮ್ಮಲ್ಲಿಯೂ ಬೇಳೆಕಟ್ಟಿನ ನೀರನ್ನೇ ಕೂಸಿನ ಊಟವೆಂದು ತಿಳಿಯುವವರು ಕಡಿಮೆಯೇನಿಲ್ಲ. ಬೇಳೆ ದೊಡ್ಡವರ ತಟ್ಟೆಗೆ, ನೀರು ಮಗುವಿಗೆ!

ಗಟ್ಟಿ ಗಂಜಿಯಲ್ಲಿಯೂ ಒಂದು ತೊಡಕಿದೆ. ಹಿಟ್ಟು ಹೆಚ್ಚಾದಷ್ಟೂ ಅದು ಅಂಟಂಟಾಗಿ ಎಳೆಯ ಮಗುವಿಗೆ ನುಂಗಲು ಬರುವುದಿಲ್ಲ. ಆಗ ತಾಯಿ ನೀರು ಸೇರಿಸುತ್ತಾಳೆ, ಮತ್ತೆ ಗಂಜಿ ತೆಳ್ಳಗಾಗುತ್ತದೆ. ಈ ತೊಡಕಿಗೆ ಪರಿಹಾರ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇತ್ತು. ಹಳೆಯ ಮೈಸೂರಿನ ಕಡೆ ರಾಗಿ ಸರಿಯೆಂದರೆ ಕೂಸಿಗೆ ಮೊದಲ ಊಟ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಮೊಳಕೆಯ ಎಳೆಗಳನ್ನು ಉಜ್ಜಿ ತೆಗೆದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವ ಆ ಶ್ರಮವನ್ನು ಕಂಡವರಿಗೆ ಅದು ಕೇವಲ ರೂಢಿಯೆಂದು ತೋರಬಹುದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳಿನಿಂದ ಕೂಸಿನ ಆಹಾರ ಸಿದ್ಧಪಡಿಸಿ, ಈ ರೂಢಿಯ ಒಳಗಿನ ಶಾಸ್ತ್ರವನ್ನು ತೋರಿಸಿಕೊಟ್ಟರು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಬೇಯುವಾಗ ಅದು ಪಿಷ್ಟವನ್ನು ಒಡೆದು ಗಂಜಿಯನ್ನು ನೀರಾಗಿಸುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಸರಾಗವಾಗಿ ಗಂಟಲಿನಲ್ಲಿ ಇಳಿಯುತ್ತದೆ. ಮೊಳಕೆ ಹಿಟ್ಟನ್ನು ಒಂದೆರಡು ಚಮಚ ಬೆರೆಸಿದರೂ ಬೇರೆ ಧಾನ್ಯದ ದಪ್ಪ ಗಂಜಿ ಸಡಿಲವಾಗುತ್ತದೆಂದು ಬರೋಡಾದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳು ತೋರಿಸಿದವು. ಜೊತೆಗೆ ರಾಗಿಯ ಸುಣ್ಣದ ಅಂಶ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಅಕ್ಕಿಯದು ಅದರ ಸಣ್ಣದೊಂದು ಪಾಲು ಮಾತ್ರ.

ಹಾಗೆಂದು ಡಮ್ ಡಮ್‌ನ ಬಸ್ತಿಗಳಲ್ಲಿ ರಾಗಿ ಹಂಚುವ ಉತ್ಸಾಹಕ್ಕೆ ನಮ್ಮ ಸಂಘ ಇಳಿಯಬೇಕಿಲ್ಲ. ರಾಗಿಗೆ ಇಲ್ಲಿ ಮಾಡುಯಾ ಎಂಬ ಹೆಸರಿದ್ದರೂ ಈ ನಗರದ ಬಡವರ ಊಟದಲ್ಲಿ ಅದಿಲ್ಲ. ಇಂದು ಅದು ಮಾಲ್‌ಗಳ ಕಪಾಟಿನಲ್ಲಿ ಮಧುಮೇಹಿಗಳಿಗಾಗಿ ಕುಳಿತಿರುವ ದುಬಾರಿ ಪದಾರ್ಥ. ನಾವು ಪೆಟ್ಟಿಗೆಯಲ್ಲಿ ತಂದ ಹಿಟ್ಟು ಮುಗಿದ ದಿನ ಆ ಮಗುವಿನ ಊಟವೂ ಮುಗಿಯುತ್ತದೆ. ಗಲ್ಲಿಯ ಮೂಲೆಯ ಅಂಗಡಿಯಲ್ಲಿ ಸಿಗುವುದೇ ಉಳಿಯುವ ಊಟ. ಇದನ್ನು ಬಹಳ ಹಿಂದೆಯೇ ಮನಗಂಡವರು ಇದೇ ನಗರದ ಮಕ್ಕಳ ವೈದ್ಯ ಡಾ. ಸಮೀರ್ ಚೌಧುರಿ. 1974ರಲ್ಲಿ ಅವರು ಆರಂಭಿಸಿದ 'ಚೈಲ್ಡ್ ಇನ್ ನೀಡ್ ಇನ್ಸ್‌ಟಿಟ್ಯೂಟ್' ಹುರಿದ ಧಾನ್ಯ ಮತ್ತು ಬೇಳೆಯನ್ನು ಬೀಸಿ 'ನ್ಯೂಟ್ರಿಮಿಕ್ಸ್' ಎಂಬ ಅಗ್ಗದ ಹಿಟ್ಟನ್ನು ರೂಪಿಸಿತು. ಅದನ್ನು ತಾಯಂದಿರೇ ಮನೆಯಲ್ಲಿ ಮಾಡಿಕೊಳ್ಳಬಹುದು. ಕೂಲಿಯವರು ಬೆಳಗಿನ ಹೊತ್ತು ಕಲಸಿ ತಿನ್ನುವ ಛಾತು, ಅಂದರೆ ಹುರಿಗಡಲೆ ಹಿಟ್ಟು, ಇಲ್ಲಿ ಬೀದಿಬೀದಿಯಲ್ಲಿ ದೊರೆಯುತ್ತದೆ. ಮಸೂರ್ ಬೇಳೆ, ಮೊಟ್ಟೆ, ಸಾಸಿವೆ ಎಣ್ಣೆ, ಸೊಪ್ಪು ಇವೆ. ಮುಳ್ಳಿನ ಸಮೇತ ಅರೆದು ಕೊಡಬಹುದಾದ ಮೌರಲಾದಂತಹ ಸಣ್ಣ ಮೀನು ಸುಣ್ಣಕ್ಕೂ ಎ ಜೀವಸತ್ವಕ್ಕೂ ಒಳ್ಳೆಯ ಮೂಲ. ಸಸ್ಯಾಹಾರಿಗಳಾದ ನಮ್ಮಲ್ಲಿ ಕೆಲವರಿಗೆ ಇದನ್ನು ಬರೆಯುವಾಗ ಮುಜುಗರವಾಗಬಹುದು. ಆದರೆ ನಮ್ಮ ಅಡುಗೆಮನೆಯ ಮಡಿಯನ್ನು ಅವರ ಮಗುವಿನ ಬಟ್ಟಲಿಗೆ ಹೇರುವ ಅಧಿಕಾರ ನಮಗಿಲ್ಲ. ಮೊಟ್ಟೆಯಷ್ಟು ಸುಲಭವಾಗಿ ಸಿಗುವ, ಕಲಬೆರಕೆ ಮಾಡಲಾಗದ ಪೌಷ್ಟಿಕ ಆಹಾರ ನಗರದ ಬಡವರಿಗೆ ಇನ್ನೊಂದಿಲ್ಲ.

ಉಣಿಸಿದ್ದು ಮೈಗೆ ಹತ್ತಬೇಕಾದರೆ ಭೇದಿ ತಡೆಯಬೇಕು. ಮಳೆಗಾಲದಲ್ಲಿ ತಗ್ಗಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಲ್ಲುತ್ತವೆ. ಕಾಲುವೆಯ ಕೊಳಕು ಮನೆಯೊಳಗೆ ಬರುತ್ತದೆ. ಒಂದೊಂದು ಭೇದಿಯೂ ಮಗುವಿನ ವಾರಗಳ ಬೆಳವಣಿಗೆಯನ್ನು ಕಸಿದುಕೊಳ್ಳುತ್ತದೆ. ಇಲ್ಲಿ ಡಮ್ ಡಮ್‌ನ ಜನ ಹೆಮ್ಮೆಪಡಬಹುದಾದ ಒಂದು ಸಂಗತಿಯುಂಟು. ನಾಗೇರ್‌ಬಜಾರನ್ನು ಹಾದುಹೋಗುವ ಜೆಸೋರ್ ರಸ್ತೆಯ ಮೇಲೆಯೇ ಮುಂದೆ ಸಾಗಿದರೆ ಗಡಿಯ ಬಳಿ ಬನ್‌ಗಾಂವ್ ಸಿಗುತ್ತದೆ. 1971ರ ಯುದ್ಧಕಾಲದಲ್ಲಿ ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾಗಳನ್ನು ನೀರಿನಲ್ಲಿ ಕರಗಿಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಜಗತ್ತಿನೆಲ್ಲೆಡೆ ಬಳಸುವ ಓ.ಆರ್.ಎಸ್. ಪೊಟ್ಟಣದ ಸಾಮರ್ಥ್ಯ ದೊಡ್ಡ ಪ್ರಮಾಣದಲ್ಲಿ ಸಿದ್ಧವಾದದ್ದು ಹೀಗೆ. ಅವರು 2022ರಲ್ಲಿ ತೀರಿಕೊಂಡರು. ಮರಣೋತ್ತರವಾಗಿ 2023ರಲ್ಲಿ ಪದ್ಮವಿಭೂಷಣ ಸಂದಿತು. ಆದರೂ ಭೇದಿಯಾದ ಮಗುವಿಗೆ 'ಹೊಟ್ಟೆಗೆ ವಿಶ್ರಾಂತಿ' ಎಂದು ಊಟ ನಿಲ್ಲಿಸುವ ಪದ್ಧತಿ ಅದೇ ರಸ್ತೆಯ ಇಕ್ಕೆಲದಲ್ಲಿ ಇನ್ನೂ ಉಳಿದಿದೆ. ಓ.ಆರ್.ಎಸ್., ವೈದ್ಯರ ಸಲಹೆಯಂತೆ ಹದಿನಾಲ್ಕು ದಿನ ಸತುವಿನ ಮಾತ್ರೆ, ಮತ್ತು ಎದೆಹಾಲು-ಊಟ ಎಂದಿನಂತೆ: ಇದು ಸರಿಯಾದ ಕ್ರಮ. ಸೀಸೆಹಾಲಿನಿಂದ ದೂರವಿರುವುದೂ ಇದರಲ್ಲಿಯೇ ಸೇರುತ್ತದೆ. ಶುದ್ಧ ನೀರಿಲ್ಲದ ಮನೆಯಲ್ಲಿ, ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿ ಕಲಸಿದ ಪುಡಿಹಾಲು ಎರಡು ಬಗೆಯಲ್ಲಿ ಕೇಡು ಮಾಡುತ್ತದೆ.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಬಹುದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಸುಪ್ರೀಂ ಕೋರ್ಟು 2001ರಲ್ಲಿ ಈ ಸೇವೆ ಪ್ರತಿಯೊಂದು ವಸತಿಗೂ ತಲುಪಬೇಕೆಂದಿತು. 2006ರಲ್ಲಿ, ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಆದೇಶಿಸಿತು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೆ ದಿನಕ್ಕೆ 500 ಕ್ಯಾಲೊರಿಯ ಆಹಾರವನ್ನು ಹಕ್ಕಾಗಿಸಿತು. ಕಾನೂನಿನಲ್ಲಿ ಹುಡುಕುವಷ್ಟು ಕೊರತೆಯಿಲ್ಲ. ಬಂಗಾಳದ ಜನ ಅಂಗನವಾಡಿಯನ್ನು ಅಕ್ಕರೆಯಿಂದ 'ಖಿಚುಡಿ ಇಸ್ಕೂಲ್' ಎನ್ನುತ್ತಾರೆ. ಮೂರು ವರ್ಷ ದಾಟಿದ ಮಗು ಅಲ್ಲಿ ಕುಳಿತು ಬಿಸಿ ಖಿಚುಡಿ, ಮೊಟ್ಟೆ ತಿನ್ನುತ್ತದೆ. ಅದಕ್ಕಿಂತ ಕಿರಿಯ ಮಗುವಿನ ಪಾಲನ್ನು ಯಾರಾದರೂ ಡಬ್ಬಿ ಹಿಡಿದು ಹೋಗಿ ತರಬೇಕು. ತಂದದ್ದು ಮನೆಯವರೆಲ್ಲರ ನಡುವೆ ಹಂಚಿಹೋಗುತ್ತದೆ. ಕೇಂದ್ರ ತೆರೆದಿರುವುದು ಬೆಳಗಿನ ಕೆಲವೇ ಗಂಟೆ. ಆ ಗಂಟೆಗಳಲ್ಲಿ ತಾಯಿ ನಮ್ಮ ಮನೆಯಲ್ಲಿರುತ್ತಾಳೆ.

ಮಗು ಒಣಗುವುದಕ್ಕೆ ಕಾರಣ ಇಲ್ಲಿದೆ. ಒಂದು ವರ್ಷದ ಮಗುವಿಗೆ ದಿನಕ್ಕೆ ಮೂರು-ನಾಲ್ಕು ಬಾರಿ, ಪಕ್ಕದಲ್ಲಿ ಕುಳಿತು, ಪುಸಲಾಯಿಸಿ, ತುತ್ತು ತುತ್ತಾಗಿ ಉಣಿಸಬೇಕು. ಪ್ರತಿ ಬಾರಿಯೂ ಅರ್ಧ ಗಂಟೆ ಬೇಕು. ಒಂಬತ್ತು ವರ್ಷದ ಅಕ್ಕನಿಗೆ ಅದು ಸಾಧ್ಯವಿಲ್ಲ, ಅವಳು ಶಾಲೆಯಲ್ಲಿರಬೇಕಾದವಳು. ಹಳ್ಳಿಯಲ್ಲಿ ಅಜ್ಜಿಯೋ ಅತ್ತೆಯೋ ಇರುತ್ತಾರೆ, ನಗರದ ಒಂದು ಕೋಣೆಯ ಬಿಡಾರದಲ್ಲಿ ಯಾರೂ ಇಲ್ಲ. ಬಸ್ತಿಯ ಮಗುವಿಗೆ ಅಕ್ಕಿಗಿಂತ ಹೆಚ್ಚಾಗಿ ಕೊರತೆ ಬಿದ್ದಿರುವುದು ದೊಡ್ಡವರ ಹೊತ್ತು. 26 ವಾರಗಳ ಹೆರಿಗೆ ರಜೆಯನ್ನು 2017ರ ತಿದ್ದುಪಡಿ ಕಚೇರಿಯ ಹೆಂಗಸರಿಗೆ ಕೊಟ್ಟಿತು. ಮನೆಗೆಲಸದವರಿಗೆ ಅದು ಅನ್ವಯಿಸುವುದಿಲ್ಲ. ಎರಡು-ಮೂರು ತಿಂಗಳ ಬಾಣಂತಿ ಕೆಲಸಕ್ಕೆ ಮರಳದಿದ್ದರೆ ಆ ಮನೆಗೆ ಬೇರೆಯವಳು ಬಂದಿರುತ್ತಾಳೆ. ಕೂಸುಮನೆಗಳು ಇದಕ್ಕೆ ಉತ್ತರ. ದಿಲ್ಲಿಯಲ್ಲಿ ಮೀರಾ ಮಹಾದೇವನ್ 1969ರಲ್ಲಿಯೇ ಕಟ್ಟಡ ಕೂಲಿಗಳ ಮಕ್ಕಳಿಗೆ 'ಮೊಬೈಲ್ ಕ್ರೆಷ್' ಆರಂಭಿಸಿದರು. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ಘೋಷಿಸಿತು. ಹೆಸರೇ ಎಷ್ಟು ಸೊಗಸು! ಆದರೆ ಅವು ಹಳ್ಳಿಯ ಉದ್ಯೋಗ ಖಾತರಿ ಕೂಲಿಗಾರರ ಮಕ್ಕಳಿಗಾಗಿ. ನಗರದ ಮನೆಗೆಲಸದಾಕೆಯ ಕೂಸಿಗೆ ಅಂಥ ಮನೆ ಬೆಂಗಳೂರಿನಲ್ಲಿಯೂ ಅಪರೂಪ, ಇಲ್ಲಿಯೂ ಅಪರೂಪ.

ಆದ್ದರಿಂದ ನಮ್ಮ ಸದಸ್ಯರಲ್ಲಿ ನಮ್ಮ ವಿನಂತಿ ಸಣ್ಣದು. ರಾಜ್ಯೋತ್ಸವದ ದಿನ ಬಸ್ತಿಯಲ್ಲಿ ಬಾಳೆಹಣ್ಣು ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದನ್ನು ಈ ವರ್ಷ ಬಿಡೋಣ. ಅದರ ಬದಲು, ಮನೆಗೆಲಸದವಳಿಗೆ ಎರಡು ವರ್ಷದೊಳಗಿನ ಮಗುವಿದ್ದರೆ ಕೆಲಸಕ್ಕೆ ಬರುವ ಸಮಯವನ್ನು ಒಂದು ಗಂಟೆ ಮುಂದೂಡಿ, ಬೆಳಗಿನ ಊಟವನ್ನು ಆಕೆಯೇ ಉಣಿಸಿ ಬರಲಿ. ಮಗುವನ್ನು ಕರೆತಂದರೆ ಮುಖ ಗಂಟಿಕ್ಕದಿರಿ. ನಡುವೆ ಕುಳಿತು ಉಣಿಸಲು, ಹಾಲೂಡಿಸಲು ಸ್ಥಳ ಕೊಡಿ. ಚಹಾ-ಬಿಸ್ಕತ್ತಿನ ಬದಲು ಬೆಂದ ಮೊಟ್ಟೆಯೋ ತುಪ್ಪ ಹಾಕಿದ ಹುಗ್ಗಿಯೋ ಇರಲಿ. ಅಂಗನವಾಡಿಯ ತೂಕದ ದಿನಕ್ಕೂ ಲಸಿಕೆಯ ದಿನಕ್ಕೂ ಸಂಬಳ ಕಡಿಯದೆ ರಜೆ ಕೊಡಿ. ಇನ್ನೊಂದು ಉಪಕರಣವುಂಟು: ತೋಳಿನ ಸುತ್ತಳತೆಯ ಬಣ್ಣದ ಪಟ್ಟಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುವೆ ಸುತ್ತಿದಾಗ 12.5 ಸೆಂ.ಮೀ. ಮೇಲಿದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪಾದರೆ, ಎರಡೂ ಪಾದಗಳಲ್ಲಿ ಬಾವು ಕಂಡರೆ, ಅಥವಾ ಮಗು ಏನನ್ನೂ ತಿನ್ನದೆ ಮಂಕಾದರೆ ಮನೆಮದ್ದಿಗೆ ಕಾಯಬಾರದು. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಇಲ್ಲವೇ ನೇರವಾಗಿ ಮಕ್ಕಳ ಆಸ್ಪತ್ರೆಗೆ ಹೋಗಬೇಕು. ಈ ಭಾಗದವರಿಗೆ ಫೂಲ್‌ಬಾಗಾನ್‌ನ ಬಿ.ಸಿ. ರಾಯ್ ಮಕ್ಕಳ ಆಸ್ಪತ್ರೆ ದೂರವೇನಲ್ಲ.

ನಾಗೇರ್‌ಬಜಾರಿನ ಆ ಮನೆಯವರು ಈಗ ಪಾತ್ರೆ ತೊಳೆಯುವ ಹೊತ್ತನ್ನು ಏಳರಿಂದ ಎಂಟೂವರೆಗೆ ಬದಲಿಸಿದ್ದಾರೆ. ಮೊದಮೊದಲು ಮನೆಯ ಯಜಮಾನರು ಕಚೇರಿಗೆ ತಡವಾಗುತ್ತದೆಂದು ಗೊಣಗಿದ್ದೂ ಉಂಟು. ಉಳಿದ ನಾಲ್ಕು ಮನೆಗಳಲ್ಲಿ ಎರಡು ಒಪ್ಪಿವೆ. ತಾಯಿ ಈಗ ಬೆಳಿಗ್ಗೆ ಮಸೂರ್ ಬೇಳೆ ಮತ್ತು ಅಕ್ಕಿಯನ್ನು ಗಟ್ಟಿಯಾಗಿ ಬೇಯಿಸಿ, ಎಣ್ಣೆ ಬೆರೆಸಿ ಉಣಿಸಿ ಬರುತ್ತಾಳೆ. ಯುಗಾದಿಯ ವೇಳೆ 12 ಸೆಂ.ಮೀ. ಇದ್ದ ಮಗುವಿನ ತೋಳು ಮೂರು ತಿಂಗಳಲ್ಲಿ 12.4 ಆಯಿತು. ಪಟ್ಟಿಯ ಬಣ್ಣ ಇನ್ನೂ ಹಳದಿಯೇ.